ಯಾವ ಎಸ್‌ಯುವಿ ತಗೊಳ್ಳಲಿ ಅಂತ ಇನ್ನು ನನ್ನನ್ನು ಕೇಳಬೇಡಿ

ಪ್ರಶ್ನೆ ಹೀಗಿರುತ್ತದೆ. "ಕಂಫರ್ಟ್ ಇರಬೇಕು, ರಿಲಯಬಲ್ ಆಗಿರಬೇಕು, ನೋಡೋಕೂ ಸ್ವಲ್ಪ ಲಕ್ಷುರಿ ಅನ್ನಿಸಬೇಕು. ಊರಿಗೆ ಹೋಗೋಕೂ ಆಗಬೇಕು, ದಿನಾ ಆಫೀಸಿಗೂ ಆಗಬೇಕು. ಯಾವ ಎಸ್‌ಯುವಿ ತಗೊಳ್ಳಲಿ?"

ಮದುವೆ ಛತ್ರದಲ್ಲಿ ಕೇಳುತ್ತಾರೆ. ಲಿಫ್ಟಿನಲ್ಲಿ ಕೇಳುತ್ತಾರೆ. ಹೋದ ವರ್ಷ ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಕನ್ನಡಿ ಇಟ್ಟುಕೊಂಡೇ ಕೇಳಿದರು. ಅವರೊಬ್ಬರಿಗೆ ನಾನು ತಿರುಗಿ ಏನೂ ಅನ್ನಲಿಲ್ಲ.

ನನ್ನನ್ನೇ ಯಾಕೆ ಕೇಳುತ್ತಾರೆ ಅಂದರೆ, ನಾನು ಎರಡು ತಿಂಗಳಿಗೊಮ್ಮೆ ಬೆಂಗಳೂರಿನಿಂದ ಪುತ್ತೂರಿನ ಗಂಡನ ಮನೆಗೆ ಗಾಡಿ ಓಡಿಸಿಕೊಂಡು ಹೋಗುತ್ತೇನೆ. ಹೋಗುತ್ತಾ 300 ಕಿಲೋಮೀಟರಿಗೂ ಜಾಸ್ತಿ, ಬರುತ್ತಾ ಅಷ್ಟೇ. ಉಳಿದ ದಿನ ಜಯನಗರದಿಂದ ಬೆಳ್ಳಂದೂರಿನ ಆಫೀಸಿಗೆ. ಹಾಗೆ ನೋಡಿದರೆ ಮೊದಲು ನನ್ನನ್ನು ಯಾರೂ ಕೇಳುವುದಿಲ್ಲ. ನಮ್ಮ ಮನೆಯವರನ್ನು ಕೇಳುತ್ತಾರೆ. ಅವರು ನೆಲಮಂಗಲ ಟೋಲ್ ದಾಟುವ ಮೊದಲೇ ನಿದ್ದೆ ಹೋಗುವ ಮನುಷ್ಯ. ಸುಮ್ನೆ ನನ್ನ ಕಡೆ ಕೈ ತೋರಿಸುತ್ತಾರೆ. ಆಗ ಪ್ರಶ್ನೆಯೇ ಬದಲಾಗಿಬಿಡುತ್ತದೆ. "ಓ, ನೀವು ಓಡಿಸ್ತೀರಾ? ಹಾಗಾದ್ರೆ ಲೇಡೀಸ್‌ಗೆ ಓಡಿಸೋಕೆ ಈಸಿ ಇರೋದು ಯಾವುದು?"

ಲೇಡೀಸ್‌ಗೆ ಅಂತ ಯಾರೂ ಬೇರೆ ಸ್ಟೇರಿಂಗ್ ಮಾಡುವುದಿಲ್ಲ. ಇದನ್ನು ಒಂದು ಕಡೆ ಬರೆದಿಟ್ಟರೆ ಮುಂದೆ ಲಿಂಕ್ ಕಳಿಸಬಹುದು ಅಂತಲೇ ಈ ಬರಹ.

ಮೊದಲು "ಬಜೆಟ್ ಪ್ರಾಬ್ಲಮ್ ಇಲ್ಲ" ಅನ್ನುವವರ ಕಥೆ. ಇವರು ಐದು ನಿಮಿಷ ಬಿಟ್ಟು ಮೈಲೇಜ್ ಎಷ್ಟು ಅಂತ ಕೇಳುತ್ತಾರೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ ನೂರಕ್ಕೆ 18. ಅದರ ಮೇಲೆ ಸೆಸ್ಸು. 70 ಲಕ್ಷದ ಗಾಡಿಗೆ ಬರೀ ಆ 18 ಲೆಕ್ಕ ಹಾಕಿದರೂ 12.6 ಲಕ್ಷ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಮೇಲಿನ ಕೇಂದ್ರದ ತೆರಿಗೆ, ಸೆಸ್ಸು ಎಲ್ಲ ಸೇರಿ ನೂರಕ್ಕೆ 50 ಇದ್ದದ್ದು 40ಕ್ಕೆ ಇಳಿಯಿತಲ್ಲ, ಅಂದಿನಿಂದ ನನಗೆ ಬರುವ ಫೋನೂ ಜಾಸ್ತಿಯಾಗಿವೆ. ಟ್ಯಾಕ್ಸ್ ವಿಷಯ ಹೇಳಿದ ಕೂಡಲೇ ಒಬ್ಬರು ಬುದ್ಧಿವಂತರು, ಟ್ಯಾಕ್ಸ್ ಕಡಿಮೆ, ಅಲ್ಲೇ ರಿಜಿಸ್ಟರ್ ಮಾಡಿಸೋಣ ಅಂತ ಪುದುಚೇರಿ ಹೆಸರು ಎತ್ತುತ್ತಾರೆ. ಎತ್ತಬೇಡಿ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಾರಿಗೆ ಇಲಾಖೆಯವರು ಇಲ್ಲಿ ತೆರಿಗೆ ಕಟ್ಟದೆ ಓಡಾಡುತ್ತಿದ್ದ ಹೊರರಾಜ್ಯದ ಲಕ್ಷುರಿ ಕಾರುಗಳನ್ನು ಸಾಲಾಗಿ ಹಿಡಿದು ನಿಲ್ಲಿಸಿದ್ದು ನಿಮಗೂ ಗೊತ್ತು.

ಇನ್ನು "ದಿನಾ ಆಫೀಸಿಗೂ" ಅನ್ನುವ ಮಾತು. ಪ್ರಶ್ನೆಯಲ್ಲಿ ಇದು ಕೊನೆಗೆ ಬರುತ್ತದೆ, ಆದರೆ ಗಾಡಿಯನ್ನು ಕೊಲ್ಲುವುದು ಇದೇ. ಜನ ಘಾಟಿಗೆ ಹೆದರಿ ದೊಡ್ಡ ಡೀಸೆಲ್ ಎಂಜಿನ್ ತಗೊಳ್ಳುತ್ತಾರೆ. ವರ್ಷಕ್ಕೆ ಆರು ಸಲ ಘಾಟಿ, ಉಳಿದ ಮುನ್ನೂರು ದಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಅನ್ನುವ ಹೊಗೆ ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯಲು ಡಿಪಿಎಫ್ ಅನ್ನುವ ಜಾಲರಿ ಇರುತ್ತದೆ. ಆ ಮಸಿ ಸುಟ್ಟುಹೋಗಲು ಒಳಗೆ 600 ಡಿಗ್ರಿ ಹತ್ತಿರ ಕಾವು ಬೇಕು. ಅಷ್ಟು ಕಾವು ಏರಬೇಕಾದರೆ ಗಾಡಿ ಒಂದಷ್ಟು ಹೊತ್ತು ಒಂದೇ ಸಮ ಓಡಬೇಕು. ಮಡಿವಾಳದಲ್ಲಿ ಎಲ್ಲಿ ಓಡುತ್ತೀರಿ? ಊರಿನ ಬಚ್ಚಲೊಲೆಗೆ ದಿನಾ ಎರಡು ಹಸಿ ಸೋಗೆ ತುರುಕಿ ಆರಿಸಿಬಿಟ್ಟರೆ ಹೊಗೆಗೊಳವೆ ಏನಾಗುತ್ತದೆ, ಹಾಗೆ ಆಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಬರುತ್ತದೆ. ಆಮೇಲೆ ಭಾನುವಾರ ಬೆಳಿಗ್ಗೆ ಎದ್ದು ಮಸಿ ಸುಡುವುದಕ್ಕೆ ಅಂತಲೇ ಮೈಸೂರು ರಸ್ತೆಗೆ ಹೋಗಬೇಕು. ನನ್ನ ಸಹೋದ್ಯೋಗಿಯೊಬ್ಬರು ನಿಜಕ್ಕೂ ಹೋಗುತ್ತಾರೆ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಬರುತ್ತಾರೆ. ಅದನ್ನು ಮೈಲೇಜ್ ಲೆಕ್ಕಕ್ಕೆ ಸೇರಿಸುವುದಿಲ್ಲ.

ಹಾಗಾಗಿ ನಿಮ್ಮ ದಿನ ಟ್ರಾಫಿಕ್ಕಿನಲ್ಲಿ ಕಳೆಯುವುದಾದರೆ ಸ್ಟ್ರಾಂಗ್ ಹೈಬ್ರಿಡ್ ನೋಡಿ, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರು ಎರಡೂ ಇರುವ ಗಾಡಿ. ತೆವಳುವಾಗ ಎಂಜಿನ್ ಆರಿ ಮೋಟಾರಿನಲ್ಲಿ ಸಾಗುತ್ತದೆ. ಬ್ರೇಕ್ ಹಾಕಿದಾಗೆಲ್ಲ ಬ್ಯಾಟರಿಗೆ ಸ್ವಲ್ಪ ಸ್ವಲ್ಪ ವಾಪಸ್ ಬರುತ್ತದೆ. ಅಂದರೆ ಸಿಲ್ಕ್ ಬೋರ್ಡ್ ಕೂಡ ಒಂದು ಕೆಲಸಕ್ಕೆ ಬಂತು.

ಕಂಫರ್ಟ್ ವಿಷಯ ನಮ್ಮ ಅತ್ತೆಯ ಇಲಾಖೆ.

ಅತ್ತೆಗೆ ಎಪ್ಪತ್ತೆರಡು. ಎರಡೂ ಮಂಡಿ ನೋವು. ಊರಿನ ದಾರಿಯ ಶಿರಾಡಿ ಘಾಟಿಯಲ್ಲಿ ತಲೆ ತಿರುಗುತ್ತದೆ. ಅದಕ್ಕೆ ಸೆರಗಿನ ತುದಿಯಲ್ಲಿ ಒಂದು ನಿಂಬೆಹಣ್ಣು ಕಟ್ಟಿಕೊಂಡೇ ಕಾರು ಹತ್ತುತ್ತಾರೆ. ವಾಂತಿ ಬರುವ ಹಾಗಾದರೆ ಗಂಟು ಬಿಚ್ಚಿ ಮೂಸುತ್ತಾರೆ. ಆ ನಿಂಬೆಹಣ್ಣು ಎಲ್ಲಿ ಹೊರಗೆ ಬರುತ್ತದೆ ಅನ್ನುವುದರ ಮೇಲೆ ನಾನು ಗಾಡಿ ಅಳೆಯುತ್ತೇನೆ. ಸಕಲೇಶಪುರ ದಾಟಿ ದೋಣಿಗಾಲ್‌ನಲ್ಲೇ ಬಂದರೆ ಆ ಗಾಡಿ ದಂಡ. ಮಾರನಹಳ್ಳಿಯವರೆಗೆ ತಡೆದರೆ ಪರವಾಗಿಲ್ಲ. ಘಾಟಿಯ ಬುಡದ ಗುಂಡ್ಯ ಬಂದರೂ ಗಂಟು ಬಿಚ್ಚದಿದ್ದರೆ ದುಡ್ಡು ಕೊಟ್ಟಿದ್ದು ಸಾರ್ಥಕ. ಯಾವ ಯೂಟ್ಯೂಬ್ ರಿವ್ಯೂನಲ್ಲೂ ಇಷ್ಟು ಪ್ರಾಮಾಣಿಕ ಅಳತೆ ನಾನು ನೋಡಿಲ್ಲ. ಅವರೆಲ್ಲ ಡ್ರೈವರ್ ಸೀಟಲ್ಲಿ ಕೂತು ಕಂಫರ್ಟ್ ಬಗ್ಗೆ ಮಾತಾಡುತ್ತಾರೆ.

ಕೆಲವು ವರ್ಷದ ಹಿಂದೆ ನಾವೂ ಒಂದು ಯುರೋಪಿನ ಲಕ್ಷುರಿ ಎಸ್‌ಯುವಿ ಇಟ್ಟುಕೊಂಡಿದ್ದೆವು. ಸೆಕೆಂಡ್ ಹ್ಯಾಂಡ್. ಕಂಪನಿ ಹೆಸರು ಹೇಳುವುದಿಲ್ಲ, ಮೂತಿಯ ಮೇಲೆ ದೊಡ್ಡ ಲೋಗೋ ಇತ್ತು ಅಂದರೆ ಸಾಕು. ಅದನ್ನು ಮೊದಲ ಸಲ ನೋಡಿದಾಗ ಅತ್ತೆ, "ಇದು ಎಂಥ ಕಾರು ಮಾರಾಯ್ತಿ, ಹತ್ತಲಿಕ್ಕೆ ಏಣಿ ಬೇಕು" ಅಂದರು. ನನಗೆ ಸಿಟ್ಟು ಬಂದಿತ್ತು. ಆಮೇಲೆ ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು ಖಾಯಂ ಆಯಿತು. ಅಷ್ಟು ಬೆಲೆಯ ಗಾಡಿ, ಅದರ ಪಕ್ಕ ನೂರೈವತ್ತು ರೂಪಾಯಿಯ ನೀಲಿ ಸ್ಟೂಲು.

ಜುಲೈ ತಿಂಗಳು. ಸಂಜೆ ಏಳೂವರೆ. ಶಿರಾಡಿ ಘಾಟಿಯಲ್ಲಿ ಮಳೆ ಹೇಗಿರುತ್ತದೆ ಅಂತ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಮಾರನಹಳ್ಳಿ ದಾಟಿ ಸ್ವಲ್ಪ ಕೆಳಗೆ ನೀರು ತುಂಬಿದ ಗುಂಡಿಯೊಂದಕ್ಕೆ ಮುಂದಿನ ಎಡಚಕ್ರ ಇಳಿಯಿತು. ಟೈರಿನ ಪಕ್ಕೆ ಸೀಳಿ ಹೋಯಿತು. ಡಿಕ್ಕಿಯ ತಳ ಎತ್ತಿ ನೋಡಿದರೆ ಸ್ಟೆಪ್ನಿ ಇಲ್ಲ. ಇರಲೇ ಇಲ್ಲ. ಆ ಜಾಗದಲ್ಲಿ ಒಂದು ಪುಟ್ಟ ಗಾಳಿ ಪಂಪು, ಒಂದು ಬಾಟಲಿ ಅಂಟು. ಮೊಳೆ ಚುಚ್ಚಿದರೆ ಆ ಅಂಟು ಕೆಲಸಕ್ಕೆ ಬರುತ್ತದೆ, ಪಕ್ಕೆ ಸೀಳಿದರೆ ಬರುವುದಿಲ್ಲ. ನಮ್ಮ ಮನೆಯವರು ಎದ್ದು, ಮೊಬೈಲ್ ಟಾರ್ಚಿನಲ್ಲಿ ಮ್ಯಾನುಯಲ್ ಓದಲು ಶುರು ಮಾಡಿದರು.

ಹೆಲ್ಪ್‌ಲೈನ್ ಸಿಕ್ಕಿದ್ದು ನಾಲ್ಕನೇ ಸಲಕ್ಕೆ. "ನಿಮ್ಮ ಹತ್ತಿರದ ಲ್ಯಾಂಡ್‌ಮಾರ್ಕ್ ಹೇಳಿ ಮೇಡಂ."

"ಕಾಡು."

"ಯಾವುದಾದರೂ ಅಂಗಡಿ, ಹೋಟೆಲ್?"

"ಕಾಡು ಸರ್."

ಫ್ಲಾಟ್‌ಬೆಡ್ ಲಾರಿ ಮಂಗಳೂರಿನಿಂದ ಬರಬೇಕು ಅಂದರು. ಅಷ್ಟರಲ್ಲಿ ಹಿಂದಿನಿಂದ ಬಂದ ಒಂದು ಹಳೇ ಇನ್ನೋವಾ ಟ್ಯಾಕ್ಸಿ ನಿಂತಿತು. ನೆಲ್ಯಾಡಿ ಕಡೆಯ ಹುಡುಗ, ಬಾಡಿಗೆ ಬಿಟ್ಟು ಖಾಲಿ ವಾಪಸ್ ಹೋಗುತ್ತಿದ್ದ. "ಅಮ್ಮ, ನೀವು ಕೂತ್ಕೊಳ್ಳಿ, ಮನೆಗೆ ಬಿಡ್ತೇನೆ" ಅಂದ. ಅತ್ತೆ ಸ್ಟೂಲು ಕೇಳಲಿಲ್ಲ. ಸೀಟಿಗೆ ಸೊಂಟ ಕೊಟ್ಟು, ಕಾಲು ಒಳಗೆ ತಗೊಂಡು, ಆರಾಮಾಗಿ ಕೂತರು. ಮಗನನ್ನೂ ಹತ್ತಿಸಿಕೊಂಡರು. ನಾನು ಲೋಗೋ ಕಾಯುತ್ತಾ ರಾತ್ರಿ ಹನ್ನೊಂದರವರೆಗೆ ಜಿಗಣೆ ಕಿತ್ತುಕೊಂಡು ಕೂತಿದ್ದೆ. ಆ ಅಳತೆಯ ಟೈರು ಮಂಗಳೂರಿನಲ್ಲಿ ಸಿಗಲಿಲ್ಲ. ಬೆಂಗಳೂರಿನಿಂದ ಬರಲು ಮೂರು ದಿನ, ಒಂದಕ್ಕೆ 32,000. ಎರಡು ಹಾಕಿಸಬೇಕು, ಜೋಡಿ ಒಂದೇ ಸಮ ಇರಬೇಕಂತೆ. ಆ ಮೂರು ದಿನ ಮನೆಗೆ ಬಂದವರಿಗೆಲ್ಲ ಅತ್ತೆ ಹೇಳಿದ್ದು ಆ ಟ್ಯಾಕ್ಸಿಯ ಸೀಟಿನ ವಿಷಯ. ನಿಂಬೆಹಣ್ಣು ಮನೆ ತಲುಪುವವರೆಗೂ ಸೆರಗಿನಲ್ಲೇ ಇತ್ತಂತೆ.

ಆವತ್ತಿನಿಂದ ಯಾವ ಗಾಡಿ ನೋಡಿದರೂ ಮೊದಲು ಟೈರಿನ ಮೇಲೆ ಬರೆದ ನಂಬರ್ ಓದುತ್ತೇನೆ. 235/45 ಆರ್ 20 ಅಂತ ಇದ್ದರೆ, ಅಗಲ 235 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ನೂರಕ್ಕೆ 45. ಅಂದರೆ ರಿಮ್ಮಿಗೂ ರಸ್ತೆಗೂ ನಡುವೆ 106 ಮಿಲಿಮೀಟರ್ ರಬ್ಬರು. ಅದೇ ಅಗಲದ 60 ಟೈರಾದರೆ 141. ಗುಂಡಿಗೂ ನಿಮ್ಮ ಸೊಂಟಕ್ಕೂ ನಡುವೆ ಇರುವ ಮೊದಲ ದಿಂಬು ಅದು. ಶೋರೂಮಿನಲ್ಲಿ ದೊಡ್ಡ ಚಕ್ರದ ಟಾಪ್ ಮಾಡೆಲ್ ತೋರಿಸುತ್ತಾರೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು ಇಂಚು ಚಿಕ್ಕ ಚಕ್ರದ ಮಾಡೆಲ್ ಇದೆಯಾ ಅಂತ ಕೇಳಿ. ಸ್ಟೆಪ್ನಿ ಎಲ್ಲಿದೆ ತೋರಿಸಿ ಅನ್ನಿ. ಸೇಲ್ಸ್‌ನ ಹುಡುಗ ತಬ್ಬಿಬ್ಬಾದರೆ ಅದೇ ಉತ್ತರ.

ನೀವು ಹೆಸರು ಕೇಳಿದ್ದಿರಿ, ಅಲ್ವಾ? ಸರಿ, ಬೇಗ ಬೇಗ ಹೇಳಿಬಿಡುತ್ತೇನೆ. ಲೋಗೋ ಬೇಕೇ ಬೇಕು, ತಲೆನೋವು ಬೇಡ ಅನ್ನುವವರಿಗೆ ಲೆಕ್ಸಸ್ ಎನ್‌ಎಕ್ಸ್ 350ಎಚ್. ಎರಡೂವರೆ ಲೀಟರಿನ ಪೆಟ್ರೋಲ್ ಹೈಬ್ರಿಡ್. ಸೊಂಟ ನೋವಿದ್ದು, ಬಹಳ ಹೊತ್ತು ನೀವೇ ಓಡಿಸುವವರಾದರೆ ವೋಲ್ವೋ ಎಕ್ಸ್‌ಸಿ60ರಲ್ಲಿ ಅರ್ಧ ಗಂಟೆ ಕೂತು ನೋಡಿ, ಆ ಸೀಟಿಗೆ ನಾನು ಈಗಲೂ ಸೋತಿದ್ದೇನೆ. ವೋಲ್ವೋ ಕಾರುಗಳನ್ನು 2017ರಿಂದ ನಮ್ಮ ಹೊಸಕೋಟೆಯಲ್ಲೇ ಜೋಡಿಸುತ್ತಾರೆ. ಆದರೆ ಹೊಸಕೋಟೆಯಲ್ಲಿ ಜೋಡಿಸಿದ ಮಾತ್ರಕ್ಕೆ ಬಿಡಿಭಾಗದ ಬೆಲೆ ಹೊಸಕೋಟೆಯ ಬೆಲೆ ಆಗುವುದಿಲ್ಲ. ಮೂಡಿಗೆರೆ ಕಡೆ ಕಾಫಿ ತೋಟ ಇದ್ದು, ಕೊನೆಯ ಎರಡು ಕಿಲೋಮೀಟರ್ ಕೆಸರು ಇರುವವರು ಫಾರ್ಚುನರ್ ತಗೊಳ್ಳಿ. ಲಾರಿಯ ಹಾಗೆ ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿ, ಗಟ್ಟಿ. ತೋಟ ಇಲ್ಲದವರು ಅದನ್ನು ಯಾಕೆ ತಗೊಳ್ಳುತ್ತಾರೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು.

ನಾವು ತಗೊಂಡಿದ್ದು ಇನ್ನೋವಾ ಹೈಕ್ರಾಸ್ ಹೈಬ್ರಿಡ್. ನಮ್ಮ ಬಿಡದಿಯಲ್ಲೇ ತಯಾರಾಗುವ ಗಾಡಿ. "ಅಯ್ಯೋ, ಅದು ಟ್ಯಾಕ್ಸಿ ಅಲ್ವಾ? ಎಸ್‌ಯುವಿನೂ ಅಲ್ಲ, ಲಕ್ಷುರಿನೂ ಅಲ್ಲ" ಅನ್ನುತ್ತೀರಿ. ಹೌದು ಸ್ವಾಮಿ, ಏರ್‌ಪೋರ್ಟಿನಲ್ಲಿ ಎರಡು ಸಲ ಅಪರಿಚಿತರು ಡಿಕ್ಕಿ ತೆಗೆದು ಸೂಟ್‌ಕೇಸ್ ಇಟ್ಟಿದ್ದಾರೆ. ಹಳೇ ಇನ್ನೋವಾದ ಹಾಗೆ ಚಾಸಿಯ ಮೇಲೆ ಕೂತ ಗಾಡಿ ಇದಲ್ಲ, ಕಾರಿನ ಹಾಗೆ ಒಂದೇ ಮೈ. ನಡುವಿನ ಸಾಲಿನಲ್ಲಿ ಕಾಲು ಚಾಚುವ ಸೀಟಿದೆ, ಅದಕ್ಕೆ ಅತ್ತೆ "ಈಸಿ ಚೇರು" ಅನ್ನುತ್ತಾರೆ. ತಳದಲ್ಲಿ ಸ್ಟೆಪ್ನಿ ಇದೆ. ಕಂಪನಿ ಲೀಟರಿಗೆ 23.24 ಅನ್ನುತ್ತದೆ, ನನಗೆ ಅಷ್ಟು ಬಂದಿಲ್ಲ, ಆದರೆ ಊರೊಳಗೂ ಹೈವೇಯಲ್ಲೂ ಹೆಚ್ಚು ಕಡಿಮೆ ಒಂದೇ ಬರುವುದು ನನಗೆ ಇಷ್ಟ. ತಪ್ಪೂ ಹೇಳುತ್ತೇನೆ. ಬಾನೆಟ್ ಒಳಗೆ ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ ನೋಡಿದರೆ ಉಪ್ಪಿನಂಗಡಿಯ ಮೆಕ್ಯಾನಿಕ್ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಸರಿಯಲೇಬೇಕು. ಹಳೇ ಇನ್ನೋವಾಗೆ ಯಾರು ಬೇಕಾದರೂ ಸ್ಪ್ಯಾನರ್ ಹಾಕುತ್ತಿದ್ದ ಕಾಲ ಇದಕ್ಕೆ ಇಲ್ಲ. ರಿಲಯಬಲ್ ಅನ್ನುವ ಮಾತಿನಲ್ಲಿ ಸ್ವಲ್ಪ ಭಾಗ ಯಾವಾಗಲೂ ಮೆಕ್ಯಾನಿಕ್‌ನದ್ದು, ಅದನ್ನು ನಾನೂ ಕಳೆದುಕೊಂಡೆ.

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಕೇಳದ ಪ್ರಶ್ನೆ ಒಂದಿದೆ: "ಘಾಟಿ ಹೇಗೆ ಇಳಿಸ್ತೀಯಾ?" ಕೇಳಿದ್ದರೆ ಒಂದು ಗಂಟೆ ಮಾತಾಡುತ್ತಿದ್ದೆ. ತಿರುವಿನ ಒಳಗೆ ಬ್ರೇಕ್ ಒತ್ತಬಾರದು, ತಿರುವಿಗೆ ಮೊದಲೇ ವೇಗ ಇಳಿಸಿಕೊಂಡು ಮೆಲ್ಲಗೆ ತಿರುಗಿಸಬೇಕು. ಇಳಿಜಾರಿನಲ್ಲಿ ಎಂಜಿನ್ನಿನಿಂದಲೇ ಹಿಡಿದುಕೊಂಡು ಇಳಿಯಬೇಕು, ಹೈಬ್ರಿಡ್‌ನಲ್ಲಿ ಗೇರನ್ನು ಬಿ ಅಥವಾ ಎಸ್‌ಗೆ ಹಾಕಿದರೆ ಅದೇ ಹಿಡಿಯುತ್ತದೆ. ಹತ್ತುವ ಲಾರಿಗೆ ದಾರಿ ಬಿಡಬೇಕು, ಭಾರ ಹೊತ್ತು ನಿಂತರೆ ಅದು ಮತ್ತೆ ಹೊರಡುವುದು ಕಷ್ಟ. ಕನ್ನಡಿಯಲ್ಲಿ ಹಿಂದಿನ ಗಾಡಿ ನೋಡುತ್ತಾ ನಡುವೆ ಒಮ್ಮೆ ಅತ್ತೆಯ ಕೈ ಎಲ್ಲಿದೆ ನೋಡಬೇಕು. ಸೆರಗಿನ ಗಂಟಿನ ಕಡೆ ಹೋಗುತ್ತಿದ್ದರೆ ನಾನೇ ಜೋರಾಗಿ ಓಡಿಸುತ್ತಿದ್ದೇನೆ ಅಂತ ಅರ್ಥ. ಗಾಡಿಯನ್ನು ಬೈದ ಎಷ್ಟೋ ಪ್ರಯಾಣದಲ್ಲಿ ತಪ್ಪು ನನ್ನ ಪಾದದ್ದಾಗಿತ್ತು. ಆ ಲೋಗೋ ಗಾಡಿಯ ದೋಣಿಗಾಲ್ ನಿಂಬೆಹಣ್ಣುಗಳಲ್ಲೂ ಒಂದೆರಡು ನನ್ನವೇ ಇರಬೇಕು.

ಇಷ್ಟಾದ ಮೇಲೂ ತಲೆ ಸರಿಹೋಗದಿದ್ದರೆ ಒಂದು ಶನಿವಾರ ಬನ್ನಿ. ಅತ್ತೆ ಈಗ ನಮ್ಮ ಜೊತೆ ಬೆಂಗಳೂರಿನಲ್ಲೇ ಇದ್ದಾರೆ, ಮನೆಯಲ್ಲಿ ಕೂತು ಬೇಜಾರಾಗಿದೆ. ಟೆಸ್ಟ್ ಡ್ರೈವಿಗೆ ಕರೆದುಕೊಂಡು ಹೋಗಿ, ಹಿಂದಿನ ಸೀಟಲ್ಲಿ ಕೂರಿಸಿ, ನಂದಿ ಬೆಟ್ಟ ಹತ್ತಿಸಿ ಇಳಿಸಿ. ಹನ್ನೆರಡೂವರೆಗೆ ಊಟ ಆಗಬೇಕು. ನಿಂಬೆಹಣ್ಣು ಅವರೇ ತರುತ್ತಾರೆ.