ಬ್ಲಾಗ್ ನೋಡಿಕೊಳ್ಳೋಕೆ ಎಷ್ಟು ಹೊತ್ತು ಬೇಕು?

ಮುಂಬೈನ ಮಾಟುಂಗಾದಲ್ಲಿ ನಮ್ಮವರ ಕಾರ್ಯಕ್ರಮಕ್ಕೆ ಹೋದಾಗಲೆಲ್ಲ ಯಾರಾದರೂ ಒಬ್ಬರು ಕಾಫಿ ಲೋಟ ಹಿಡಿದುಕೊಂಡೇ ಬಂದು ಕೇಳುತ್ತಾರೆ: "ನಿಮ್ಮ ಬ್ಲಾಗು ಲೋಕಲ್ ಟ್ರೇನಲ್ಲೂ ಪಟ್ ಅಂತ ತೆರೀತದಲ್ರೀ, ಅದನ್ನ ನೋಡ್ಕೊಳ್ಳೋಕೆ ಎಷ್ಟು ಹೊತ್ತು ಬೇಕು?" ತಿಂಗಳಿಗೆ ಅರ್ಧ ಗಂಟೆ ಅಂದರೆ ಯಾರೂ ನಂಬುವುದಿಲ್ಲ. ಬರೆಯೋ ಹೊತ್ತು ಬೇರೆ, ಅದರ ಲೆಕ್ಕ ಕೇಳಬೇಡಿ.

ನಾನು ಬಳಸುವುದು ಹ್ಯೂಗೋ. 2013ರಲ್ಲಿ ಶುರುವಾದದ್ದು, ಬ್ಲಾಗಿನ ಪುಟ ಕಟ್ಟಿಕೊಡುವ ಒಂದೇ ಫೈಲಿನ ಪ್ರೋಗ್ರಾಂ. ವರ್ಡ್‌ಪ್ರೆಸ್ ಆದರೆ ಸಾಮಾನ್ಯವಾಗಿ ಡೇಟಾಬೇಸಿನಿಂದ ಬರಹ ತಂದು ಆಗಿಂದಾಗ ಪುಟ ಕಟ್ಟಬೇಕು. ಹ್ಯೂಗೋ ನನ್ನ ಲ್ಯಾಪ್‌ಟಾಪಿನಲ್ಲೇ ಎಲ್ಲ ಪುಟ ಕಟ್ಟಿಟ್ಟುಬಿಡುತ್ತದೆ, ಸರ್ವರ್ ಸುಮ್ನೆ ಎತ್ತಿ ಕೊಡುತ್ತದೆ. ಫೋನಿನಿಂದಲೇ ಬರೆದು ಹಾಕಬೇಕು ಅನ್ನುವವರಿಗೆ ಇದು ಕಿರಿಕಿರಿ. ಅವರಿಗೆ ಬ್ಲೂಡಿಟ್ ಅನ್ನೋ ಇನ್ನೊಂದು ಬ್ಲಾಗ್ ಸಾಫ್ಟ್‌ವೇರ್ ವಾಸಿ, ಅದಕ್ಕೂ ಡೇಟಾಬೇಸ್ ಬೇಡ.

ಎಲ್ಲರೂ ಎಡವುವುದು ಥೀಮಿನಲ್ಲಿ, ಅಂದರೆ ಬ್ಲಾಗಿನ ರೂಪಕ್ಕೆ ಬೇರೆಯವರು ಮಾಡಿಟ್ಟ ಸಿದ್ಧ ಫೈಲುಗಳಲ್ಲಿ. ನಾನೂ ಎಡವಿದ್ದೇನೆ. ಥೀಮಿನ ಫೋಲ್ಡರಿಗೇ ಕೈ ಹಾಕಿ ಅಲ್ಲಿಷ್ಟು ಇಲ್ಲಿಷ್ಟು ಬದಲಾಯಿಸಿದ್ದೆ, ಆರು ತಿಂಗಳಾದ ಮೇಲೆ ಥೀಮ್ ಅಪ್‌ಡೇಟ್ ಮಾಡಿದೆ, ಎಲ್ಲ ಮಾಯ. ಹಾಗೆ ಮಾಡಬೇಡಿ. ಯಾವ ಫೈಲು ಬದಲಾಗಬೇಕೋ ಅದೊಂದನ್ನು ನಿಮ್ಮ ಸೈಟಿನ ಲೇಔಟ್ಸ್ ಫೋಲ್ಡರಿಗೆ, ಅದೇ ಹೆಸರಲ್ಲಿ, ಅದೇ ದಾರಿಯಲ್ಲಿ ಕಾಪಿ ಮಾಡಿ ತಿದ್ದಿ. ಹ್ಯೂಗೋ ಮೊದಲು ಅಲ್ಲಿ ಹುಡುಕುತ್ತದೆ, ಸಿಗದಿದ್ದರೆ ಮಾತ್ರ ಥೀಮಿಗೆ ಹೋಗುತ್ತದೆ. ಅಕ್ಷರ, ಬಣ್ಣ, ಅಂತರ ಹೇಗಿರಬೇಕು ಅಂತ ಹೇಳುವ ಸಿಎಸ್‌ಎಸ್ ಕೂಡ ಬೇರೆ ಫೈಲಲ್ಲೇ ಇರಲಿ. ನನ್ನದು ಇಪ್ಪತ್ತು ಸಾಲು.

ಆ ಇಪ್ಪತ್ತರಲ್ಲಿ ಹೆಚ್ಚಿನವು ಕನ್ನಡಕ್ಕಾಗಿ. ಥೀಮ್ ಮಾಡುವವರು ಇಂಗ್ಲಿಷ್ ನೋಡಿ ಮಾಡಿರುತ್ತಾರೆ, ಅಲ್ವಾ? ಸಾಲುಗಳ ಅಂತರ ಅಕ್ಷರದ ಗಾತ್ರದ 1.4 ಪಟ್ಟು ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ನಾನು 1.8 ಇಟ್ಟಿದ್ದೇನೆ. ತಲೆಬರಹದ ಅಕ್ಷರಗಳನ್ನು ದೂರ ದೂರ ಸರಿಸುವ ಫ್ಯಾಷನ್ ನಮ್ಮ ಲಿಪಿಗೆ ಒಗ್ಗುವುದಿಲ್ಲ, ಸೊನ್ನೆ ಮಾಡಿ. ಫಾಂಟ್ ನೋಟೋ ಸಾನ್ಸ್ ಕನ್ನಡ. ಆ ಫಾಂಟಿನ ಫೈಲನ್ನು ಚಿಕ್ಕದು ಮಾಡಲು ಹೋಗಿ ಒಮ್ಮೆ ಅಕ್ಷರ ಜೋಡಿಸುವ ಜಿಎಸ್‌ಯುಬಿ ಟೇಬಲ್ಲನ್ನೇ ಕಳೆದುಕೊಂಡೆ. ಬ್ಲಾಗಿನ ತುಂಬ 'ಅಪ್ಪ' ಹೋಗಿ 'ಅಪ್‌ಪ' ಆಗಿತ್ತು!

ಇನ್ನೊಂದು ತಲೆನೋವು ಲಿಂಕು. ಕನ್ನಡ ತಲೆಬರಹ ಹಾಗೇ ಬಿಟ್ಟರೆ ಲಿಂಕೂ ಕನ್ನಡದಲ್ಲೇ ಬರುತ್ತದೆ, ನೋಡಲು ಚಂದ. ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದಾಗ ಬಣ್ಣ ಬಯಲು. ಕಂಪ್ಯೂಟರು ಅಕ್ಷರ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು, ಒಂದೊಂದು ಬೈಟಿಗೂ ಶೇಕಡಾ ಗುರುತು ಸೇರಿ 3 ಅಕ್ಷರ. 'ಕನ್ನಡ'ದಲ್ಲಿ ಒಳಗೆ ಇರುವುದು 5 ಚಿಹ್ನೆ, ಅಂದರೆ ಆ ಒಂದೇ ಪದ 45 ಅಕ್ಷರದ ಬಾಲವಾಗುತ್ತದೆ. ಅದಕ್ಕೇ ನಾನು ಪ್ರತಿ ಬರಹದ ತಲೆಯಲ್ಲಿ ಸ್ಲಗ್ ಅಂತ ಒಂದು ಸಾಲು ಸೇರಿಸಿ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕ ಹೆಸರು ಕೊಡುತ್ತೇನೆ. ಆಮೇಲೆ ಬದಲಾಯಿಸಿದರೆ ಹಳೆಯದನ್ನು ಅಲಿಯಾಸಸ್ ಸಾಲಿನಲ್ಲಿ ಬರೆದಿಡಿ, ಹಳೇ ಲಿಂಕ್ ಒತ್ತಿದವರೂ ಸರಿಯಾದ ಪುಟಕ್ಕೇ ಬರುತ್ತಾರೆ.

ಫೋನಿನ ಫೋಟೋ 4-5 ಎಂಬಿ ಇರುತ್ತದೆ, ಹಾಗೇ ಹಾಕಬೇಡಿ. 1200 ಪಿಕ್ಸೆಲ್ ಅಗಲ ಸಾಕು.

ಹ್ಯೂಗೋದ ಹೊಸ ಆವೃತ್ತಿ ಬಂತೆಂದು ಕೂಡಲೇ ಹಾಕಿಕೊಳ್ಳಬೇಡಿ. ಹಳೆಯ ಕಮಾಂಡುಗಳನ್ನು ಅವರು ಆಗಾಗ ತೆಗೆದುಹಾಕುತ್ತಾರೆ, ಥೀಮ್ ಮುರಿಯುತ್ತದೆ. ಈಗ ಓಡುತ್ತಿರುವ ಆವೃತ್ತಿಯ ನಂಬರ್ ಎಲ್ಲಾದರೂ ಬರೆದಿಡಿ. ನಾನು ವರ್ಷಕ್ಕೊಮ್ಮೆ, ಗಣಪತಿ ರಜೆಯಲ್ಲಿ ಮಾತ್ರ ಬದಲಾಯಿಸುತ್ತೇನೆ. ಎಲ್ಲದರ ಪ್ರತಿ, ಪ್ರತಿ ಬದಲಾವಣೆಯನ್ನೂ ನೆನಪಿಡುವ ಗಿಟ್‌ನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು.

ಇಷ್ಟೆಲ್ಲ ಮಾಡಿಯೂ ಒಮ್ಮೆ ನನ್ನ ಬ್ಲಾಗು ಎರಡು ದಿನ ಮುಚ್ಚಿತ್ತು. ಸಾಫ್ಟ್‌ವೇರಿನ ತಪ್ಪಲ್ಲ. ಡೊಮೇನ್, ಅಂದರೆ ಬ್ಲಾಗಿನ ವಿಳಾಸ, ನವೀಕರಿಸಿ ಅಂತ ಬಂದ ಮೇಲ್‌ಗಳೆಲ್ಲ ನಾನು ತೆರೆಯದ ಹಳೇ ಐಡಿಗೆ ಹೋಗಿದ್ದವು. ಮೊದಲು ಫೋನ್ ಮಾಡಿದವಳು ಹುಬ್ಬಳ್ಳಿಯ ದೊಡ್ಡಮ್ಮ. "ಯಾಕೋ, ಅಂಗಡಿ ಬಾಗಲಾ ಹಾಕೀಯೇನು?" ಈಗ ಒಟ್ಟಿಗೆ ಐದು ವರ್ಷದ ದುಡ್ಡು ಕಟ್ಟಿದ್ದೇನೆ.