ಒಂಬತ್ತರಿಂದ ಶುರುವಾಗುವ ಖಾತೆಗಳು

ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜವನ್ನು ದರ್ಜೆಗಳಾಗಿ ವಿಂಗಡಿಸುವ, ಚಿಕ್ಕಮಗಳೂರಿನ ದೊಡ್ಡ ಕಾಫಿ ಕ್ಯೂರಿಂಗ್ ಸಂಸ್ಥೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ನನ್ನ ಕೆಲಸ. ಬೆಳೆಗಾರರು ತಂದ ಕಾಫಿಯ ತೂಕ, ದರ್ಜೆ, ಪಾವತಿ ಎಲ್ಲವೂ ಇಂದಿಗೂ ಫಾಕ್ಸ್‌ಪ್ರೋ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಹಳೆಯ ತಂತ್ರಾಂಶದಲ್ಲೇ ನಡೆಯುತ್ತದೆ. ಮೈಕ್ರೋಸಾಫ್ಟ್ ಫಾಕ್ಸ್‌ಪ್ರೋದ ಕೊನೆಯ ಆವೃತ್ತಿಯನ್ನು ತಂದದ್ದು 2004ರಲ್ಲಿ. 2015ರ ಜನವರಿಯಲ್ಲಿ ಅದಕ್ಕೆ ಬೆಂಬಲವೂ ನಿಂತಿತು. ನಮ್ಮಲ್ಲಿ ತೇಪೆ ಹಾಕುವುದು ಮಾತ್ರ ನಿಲ್ಲಲಿಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಅದನ್ನೂ ಇದರ ಮೇಲೆಯೇ ಹೊಲಿದೆವು.

ಒಂದು ಕೊಯ್ಲಿಗೆ ಮುಂಚೆ ನಾನು ಅದನ್ನು ಚೊಕ್ಕಟ ಮಾಡಲು ಕುಳಿತೆ. ಖಾಲಿ ಚೀಲದ ತೂಕವೆಂದು ಪ್ರತಿ ಚೀಲಕ್ಕೆ ಒಂದು ಕಿಲೋ ಕಳೆಯುವ ಲೆಕ್ಕದ ನಡುವೆ ವಿಚಿತ್ರವಾದ ಸಾಲೊಂದಿತ್ತು: ಖಾತೆ ಸಂಖ್ಯೆ ಒಂಬತ್ತರಿಂದ ಶುರುವಾದರೆ ಏನನ್ನೂ ಕಳೆಯಬೇಡ. ಏಕೆ ಎಂದು ಎಲ್ಲಿಯೂ ಬರೆದಿರಲಿಲ್ಲ. ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಅಳಿಸಿದೆ.

ಜನವರಿಯಲ್ಲಿ ಮೂಡಿಗೆರೆ ಕಡೆಯ ಹಿರಿಯ ಬೆಳೆಗಾರರೊಬ್ಬರು ತೂಕದ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು ಬೆರಳಿಟ್ಟು ತೋರಿಸಿದರು. 140 ಚೀಲ, 140 ಕಿಲೋ ಕಡಿಮೆ. ಅವರು ದನಿ ಏರಿಸಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ.

ಆ ಸಂಜೆಯೇ, ನಿವೃತ್ತರಾಗಿ ಆರು ವರ್ಷವಾಗಿದ್ದ ನಮ್ಮ ಲೆಕ್ಕಿಗರ ಮನೆಗೆ ಹೋದೆ. ಅವರು ಚೀಟಿ ನೋಡಿದ ಕೂಡಲೇ ಕೇಳಿದರು: "ಆ ಸಾಲು ತೆಗೆದೆಯೇನಮ್ಮಾ? ಅವರದು ತೋಟದಲ್ಲೇ ಚೀಲದ ತೂಕ ಕಳೆದು ಬರೆದುಕೊಂಡು ಬರುವ ಲೆಕ್ಕ. ಅಂಥವರಿಗೆಂದೇ ಒಂಬತ್ತು ಕೊಟ್ಟಿದ್ದು."

ಹಳೆಯ ಯಂತ್ರ, ಹಳೆಯ ಭಾಷೆ ಎಂದು ನಾವು ದೂರುತ್ತೇವೆ. ಭಾಷೆಯನ್ನು ನಾನು ಮೂರು ತಿಂಗಳಲ್ಲಿ ಕಲಿತೆ. ಒಂಬತ್ತರ ಕಾರಣವನ್ನು ಯಾವ ಪುಸ್ತಕದಿಂದ ಕಲಿಯಲಿ? ಲೆಕ್ಕಿಗರ ಬೀಳ್ಕೊಡುಗೆಯ ದಿನ ಶಾಲು ಹೊದಿಸಿದೆವು, ಹಣ್ಣಿನ ಬುಟ್ಟಿ ಕೊಟ್ಟೆವು. ತಂತ್ರಾಂಶದ ಬಗ್ಗೆ ತಿಳಿದುಕೊಳ್ಳಲು ಅವರ ಪಕ್ಕ ಒಂದು ವಾರ ಕೂರಲು ಯಾರನ್ನೂ ನೇಮಿಸಲಿಲ್ಲ. ದೊಡ್ಡ ಕಚೇರಿಯಲ್ಲಿ ಹೊಸದನ್ನು ಕೊಳ್ಳಲು ಮಂಜೂರಾತಿ ಸಿಗುತ್ತದೆ. ಇದ್ದದ್ದನ್ನು ಅರಿತುಕೊಳ್ಳಲು ಬಜೆಟ್‌ನಲ್ಲಿ ತಲೆಬರಹವೇ ಇಲ್ಲ. ನಮ್ಮಲ್ಲಿ ಎರಡು ಬಾರಿ ಹೊಸ ತಂತ್ರಾಂಶಕ್ಕೆ ಗುತ್ತಿಗೆ ಕೊಟ್ಟು ಎರಡೂ ಅರ್ಧಕ್ಕೆ ನಿಂತವು. ಗುತ್ತಿಗೆಯವರು "ನಿಮ್ಮ ನಿಯಮಗಳ ಪಟ್ಟಿ ಕೊಡಿ" ಎಂದರು. ಕೊಡಲು ನಮ್ಮ ಬಳಿ ಪಟ್ಟಿ ಇರಲಿಲ್ಲ. ನಿಯಮಗಳೆಲ್ಲ ಆ ಕೋಡ್‌ನಲ್ಲಿದ್ದವು, ಕಾರಣಗಳು ಮನೆಗೆ ಹೋದವರ ತಲೆಯಲ್ಲಿದ್ದವು.

ಆ ಬೆಳೆಗಾರರಿಗೆ ಬಾಕಿ ಹಣ ಮರುವಾರವೇ ಸಂದಾಯವಾಯಿತು. ಈಗ ಪ್ರತಿ ಶನಿವಾರ ಕೋಡ್‌ನ ಪ್ರತಿಯೊಂದಿಗೆ ಲೆಕ್ಕಿಗರ ಮನೆಗೆ ಹೋಗುತ್ತೇನೆ. ಅವರು ಹೇಳುತ್ತಾರೆ, ನಾನು ಪ್ರತಿ ಸಾಲಿನ ಎದುರು ಬರೆದುಕೊಳ್ಳುತ್ತೇನೆ. ತೂಕದ ಭಾಗ ಮುಗಿದಿದೆ, ದರ್ಜೆಯದು ನಡೆಯುತ್ತಿದೆ.