ಅಂಗಡಿಯ ಸಿಂಕು, ಊರಿನ ಕೆರೆ

ಕೋರಮಂಗಲದ ಒಂದು ಮೆಡಿಕಲ್ ಶಾಪಿನಲ್ಲಿ ನಾನು ಫಾರ್ಮಸಿಸ್ಟ್. ಪ್ರತಿ ತಿಂಗಳ ಕೊನೆಗೆ ಎಕ್ಸ್‌ಪೈರಿ ಮಾಲು ತೆಗೆಯುವುದು ನನ್ನ ಪಾಲಿನ ಕೆಲಸ. ಪೂರ್ತಿ ಸ್ಟ್ರಿಪ್ ಆದರೆ ಡಿಸ್ಟ್ರಿಬ್ಯೂಟರ್ ವಾಪಸ್ ತಗೊಳ್ಳುತ್ತಾರೆ. ಕಟ್ ಸ್ಟ್ರಿಪ್ ಮಾತ್ರ ಯಾರಿಗೂ ಬೇಡ. "ಎರಡು ಮಾತ್ರೆ ಸಾಕು" ಅಂತ ಗಿರಾಕಿ ಕತ್ತರಿಸಿಕೊಂಡು ಹೋದ ಮೇಲೆ ಉಳಿದ ತುಂಡುಗಳು ಒಂದು ಡಬ್ಬದಲ್ಲಿ ಬೀಳುತ್ತಿದ್ದವು. ಡಬ್ಬ ತುಂಬಿದಾಗ ಮಾತ್ರೆ ಬಿಡಿಸಿ ಸಿಂಕಿಗೆ ಸುರಿದು ನಲ್ಲಿ ತಿರುಗಿಸುತ್ತಿದ್ದೆ. ಕಸಕ್ಕೆ ಹಾಕಿದರೆ ಯಾರಾದರೂ ಆಯ್ದು ನುಂಗಿಯಾರು ಅನ್ನುವ ಭಯ. ನೀರಿಗೆ ಬಿಟ್ಟರೆ ಮುಗೀತು ಅಂದುಕೊಂಡಿದ್ದೆ.

ನಮ್ಮೂರು ಕೋಲಾರದ ಹತ್ತಿರ. ಕಳೆದ ಯುಗಾದಿಗೆ ಹೋದಾಗ ಅಪ್ಪ ಕೆರೆ ಏರಿಗೆ ಕರೆದುಕೊಂಡು ಹೋದರು. ನೀರು ತುಂಬಿತ್ತು. "ನೋಡಪ್ಪಾ, ನೀನು ಬೆಂಗಳೂರಲ್ಲಿ ಕೈ ತೊಳ್ದಿದ್ ನೀರೇ ಇಲ್ಲಿಗ್ ಬಂದೈತೆ" ಅಂದು ನಕ್ಕರು. ನನಗೆ ನಗು ಬರಲಿಲ್ಲ.

2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿರುವುದು ಕೆ.ಸಿ. ವ್ಯಾಲಿ ನೀರು. ಕೆ ಅಂದರೆ ಕೋರಮಂಗಲ, ಸಿ ಅಂದರೆ ಚಲ್ಲಘಟ್ಟ. ಬೆಂಗಳೂರಿನ ಆ ಕಡೆಯ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಕಳಿಸುತ್ತಾರೆ, ನಿಜ. ಆದರೆ ಆ ಘಟಕಗಳನ್ನು ಕಟ್ಟಿದ್ದು ಮಲ, ಸೋಪು, ಕೊಳೆ ತೆಗೆಯಲು. ಔಷಧಿಯ ಅಂಶ ಪೂರ್ತಿ ಹೋಗುವುದಿಲ್ಲ. ಆ್ಯಂಟಿಬಯೋಟಿಕ್ ಚೂರುಚೂರೇ ನೀರಲ್ಲಿದ್ದರೂ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಉಳಿದು ಬೆಳೆಯುತ್ತವೆ. ಆಮೇಲೆ ಕಾಯಿಲೆ ಬಂದಾಗ ಮಾತ್ರೆ ಕೆಲಸ ಮಾಡಲ್ಲ. ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿ ಔಷಧಿ ಕಾರ್ಖಾನೆಗಳ ನೀರು ಶುದ್ಧ ಮಾಡುವ ಘಟಕದಿಂದ ಹೊರಬಿದ್ದ ನೀರಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೋಫ್ಲಾಕ್ಸಾಸಿನ್ ಅನ್ನುವ ಆ್ಯಂಟಿಬಯೋಟಿಕ್ ಸಿಕ್ಕಿತ್ತು. 2007ರಲ್ಲಿ ಪ್ರಕಟವಾದ ಲೆಕ್ಕ ಅದು. ಆ ಮಾತ್ರೆ ನುಂಗಿದವರ ರಕ್ತದಲ್ಲೂ ಅಷ್ಟು ಇರುವುದಿಲ್ಲ.

ಅದು ಕಾರ್ಖಾನೆ, ನನ್ನದು ಒಂದು ಡಬ್ಬ. ಹಾಗಂತ ಸಮಾಧಾನ ಮಾಡಿಕೊಳ್ಳಲೂ ನೋಡಿದೆ. ಆದರೆ ಈ ಊರಲ್ಲಿ ಮೆಡಿಕಲ್ ಶಾಪ್ ನಮ್ಮದೊಂದೇ ಅಲ್ವಲ್ಲ!

ಮಾಲೀಕರಿಗೆ ಹೇಳಿದೆ. "ಇದಕ್ಕೂ ದುಡ್ಡು ಕೊಡಬೇಕಾ?" ಅಂತ ಗೊಣಗಿದರು. ಆದರೂ ಬಯೋಮೆಡಿಕಲ್ ವೇಸ್ಟ್ ಗಾಡಿಯವರ ಹತ್ತಿರ ಮಾತಾಡಿದರು. ಈಗ ಡಬ್ಬದ ಮಾಲು ಹಳದಿ ಚೀಲಕ್ಕೆ ಹೋಗುತ್ತದೆ, ಅಲ್ಲಿಂದ ಸುಡಲು. ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಕತ್ತರಿಸಿ ಕೊಡುವುದನ್ನೂ ನಿಲ್ಲಿಸಿದ್ದೇವೆ. ನಿಯಮ ಮೊದಲಿಂದಲೂ ಇತ್ತು, ಪಾಲಿಸುತ್ತಿರಲಿಲ್ಲ ಅಷ್ಟೇ. ಒಂದಿಬ್ಬರು ಗಿರಾಕಿಗಳು ಬೈದುಕೊಂಡು ಎದುರಿನ ಅಂಗಡಿಗೆ ಹೋದರು.

ಇನ್ನು ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್. ಅದು ದೇಹದಲ್ಲಿ ಬದಲಾಗುವುದೇ ಇಲ್ಲ, ಇದ್ದ ಹಾಗೇ ಮೂತ್ರದಲ್ಲಿ ಹೊರಗೆ ಬರುತ್ತದೆ. ದಿನಕ್ಕೆ ಎಷ್ಟು ಸ್ಟ್ರಿಪ್ ಮಾರುತ್ತೇನೋ ಲೆಕ್ಕ ಇಟ್ಟಿಲ್ಲ. ಅದಕ್ಕೆ ಯಾವ ಹಳದಿ ಚೀಲವೂ ಇಲ್ಲ.